ಸಿದ್ಧ–ಸಾಧ್ಯ: ಖನಿಜಾರ್ಥಶಾಸ್ತ್ರದ ಕನ್ನಡ

ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು 2020ರಲ್ಲಿ ಹೊರಬಿದ್ದಾಗ ಪತ್ರಿಕೆಗಳಲ್ಲಿ ಮೆರೆದ ಪದ ‘ನಿಕ್ಷೇಪ’. ಮರುವರ್ಷ ಕೇಂದ್ರ ಸರ್ಕಾರವು ಸಂಸತ್ತಿಗೆ ತಿಳಿಸಿದ ಪ್ರಮಾಣ 1,600 ಟನ್. ಆಗಲೂ ಪದ ಅದೇ. 2023ರಲ್ಲಿ ಜಮ್ಮುವಿನ ರಿಯಾಸಿಯ 59 ಲಕ್ಷ ಟನ್ನಿಗೂ ಅದೇ ಪದ ಸಂದಿತು. ಆ ತೂಕ ಅದಿರಿನದು, ಲೋಹದ್ದಲ್ಲ, ಮೇಲಾಗಿ ಅನುಮಾನದ ಹಂತದ್ದು ಎಂಬ ವಿವರ ಹಿಂದೆ ಸರಿಯಿತು.

ಪದದ ಈ ಸಡಿಲಿನಿಂದ ಹೆಚ್ಚು ತೊಡಕಿಗೊಳಗಾಗುವವರು ಸಂಶೋಧನ ವಿದ್ಯಾರ್ಥಿಗಳು. ಠಾಣೆ, ಕಲ್ಯಾಣ, ಡೊಂಬಿವಲಿಗಳಿಂದ ಲೋಕಲ್ ಗಾಡಿಯಲ್ಲಿ ಮುಂಬಯಿಯ ವಿದ್ಯಾಸಂಸ್ಥೆಗೆ ಹೋಗಿ, ಶುದ್ಧಶಕ್ತಿಯ ಅರ್ಥಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಅಭ್ಯಾಸಮಾಡಿ, ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ವಿವರಿಸಹೊರಟ ತರುಣಿಗೆ, ನೆಲದೊಳಗೆ ಇರುವುದಕ್ಕೂ ಇಂದಿನ ಬೆಲೆಗೆ ತೆಗೆಯಲು ಕಟ್ಟುವುದಕ್ಕೂ ಇರುವ ಭೇದವನ್ನು ಹೇಳಲು ಜೋಡಿಪದ ದೊರೆಯುವುದಿಲ್ಲ. ಆ ಭೇದವಿಲ್ಲದೆ ಆಕೆಯ ಶಾಸ್ತ್ರವೇ ಇಲ್ಲ.

ವಸ್ತುವಾದರೋ ಕನ್ನಡಿಗರಿಗೆ ಅಪರಿಚಿತವಲ್ಲ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ್ದು ಚಿನ್ನ ಪೂರ್ತಿ ತೀರಿತೆಂದಲ್ಲ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಆ ಗಣಿಯಿಂದ ಅದನ್ನೆತ್ತುವ ವೆಚ್ಚ ಬೆಲೆಯನ್ನು ಮೀರಿತೆಂದು. (1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಹರಿದದ್ದು ಅದೇ ಗಣಿಗೆ. ಅಂದು ಕಾವೇರಿಯ ಶುದ್ಧಶಕ್ತಿ ಖನಿಜಕ್ಕಾಗಿ; ಇಂದು ಅದೇ ಕಾವೇರಿಸೀಮೆಯಲ್ಲಿ ಶುದ್ಧಶಕ್ತಿಗಾಗಿ ಖನಿಜದ ಹುಡುಕಾಟ.) ಲಿಥಿಯಂ ಕಾರ್ಬೊನೇಟಿನ ಬೆಲೆ ಚೀನದಲ್ಲಿ 2022ರ ಕೊನೆಗೆ ಟನ್ನಿಗೆ ಆರು ಲಕ್ಷ ಯುವಾನಿನ ಸಮೀಪಕ್ಕೇರಿ, 2024ರ ಆರಂಭಕ್ಕೆ ಒಂದು ಲಕ್ಷದ ಆಸುಪಾಸಿಗೆ ಕುಸಿಯಿತು. ಆ ವರ್ಷ ರಿಯಾಸಿಯ ಹರಾಜು, ಕೂಗುವವರು ಸಾಕಷ್ಟು ಮಂದಿ ಬಾರದೆ ರದ್ದಾಯಿತು. ಬಂಡೆ ಇದ್ದಲ್ಲೇ ಇತ್ತು.

ಪದಕ್ಕಾಗಿ ದೂರ ಹೋಗಬೇಕಾಗಿಲ್ಲ. ಶಾಸನಗಳ ಭೂದಾನಗಳಲ್ಲಿ ಬರುವ ಅಷ್ಟಭೋಗಗಳೊಳಗೆ ನಿಧಿ, ನಿಕ್ಷೇಪ, ಜಲ, ಪಾಷಾಣಾದಿಗಳೊಡನೆ ಸಿದ್ಧ, ಸಾಧ್ಯ ಎಂಬೆರಡಿವೆ: ಕೈಗೆ ಬಂದಿರುವ ಆದಾಯ, ಮುಂದೆ ಬರಬಹುದಾದ ಆದಾಯ. ಅಲ್ಲಿ ನಿಕ್ಷೇಪವೆಂದರೆ ಒಬ್ಬರು ಇಟ್ಟ ಧನ. ಎತ್ತಿಕೊಂಡರೆ ಸಾಕೆಂಬ ಧ್ವನಿ ಆ ಪದದಲ್ಲಿ ಇಂದಿಗೂ ಉಳಿದಿರುವುದೇ ಮೋಸಕ್ಕೆ ಮೂಲ. ಮರಳಗಾಲದ್ದನ್ನು ‘ಸಾಧ್ಯ’ವೆಂದು ಕರೆದಿದ್ದರೆ ಊರಿನ ಹೊಲಗಳ ಮೇಲೆ ಅಷ್ಟು ಬೇಗ ಆಸೆಯಾಗಲಿ ಭಯವಾಗಲಿ ಕವಿಯುತ್ತಿರಲಿಲ್ಲ. ಕಂದಾಯದ ಮಾತನ್ನು ಗಣಿಗೆ ಎಳೆಯುವುದು ಬಲವಂತವೆಂಬ ಆಕ್ಷೇಪ ಬರಬಹುದು; ಬರಲಿ. ಅರ್ಥವಿಸ್ತಾರ ಭಾಷೆಗೆ ಹೊಸದಲ್ಲ.

ಆದರೆ ಸಿದ್ಧವಾದ ಅದಿರೂ ಹಾಗೆಯೇ ಬ್ಯಾಟರಿಯಾಗುವುದಿಲ್ಲ. ಅದನ್ನು ಶುದ್ಧಿಮಾಡುವ ಉದ್ಯಮದ ಬಹುಪಾಲು ಚೀನದಲ್ಲಿದೆ. ಅದನ್ನು ಇಲ್ಲಿಗೆ ತರಬೇಕೆಂಬ ಮಾತು ಈಗ ಬಲವಾಗಿದೆ. ಅದು ಆಮ್ಲ–ಕ್ಷಾರಗಳ ಕೆಲಸ. ರಾಸಾಯನಿಕ ಕಾರ್ಖಾನೆಯ ನೆರೆಯೆಂದರೇನೆಂಬುದು, 2016 ಮತ್ತು 2024ರ ಮೇ ತಿಂಗಳುಗಳ ಪ್ರಾಣಾಂತಿಕ ಸ್ಫೋಟಗಳನ್ನು ಕಂಡ ಡೊಂಬಿವಲಿಗೆ ಗೊತ್ತು. ‘ಶುದ್ಧಶಕ್ತಿ’ಯೆಂಬ ಪದದೊಳಗೆ ಆ ನೆರೆಯವರ ವೆಚ್ಚಕ್ಕೆ ಎಡೆಯಿಲ್ಲ, ಸಿದ್ಧ–ಸಾಧ್ಯಗಳಲ್ಲಿಯೂ ಇಲ್ಲ. ಅದಕ್ಕೆ ಬೇರೆಯ ಪದವನ್ನೇ ಹುಡುಕಬೇಕಾಗಿದೆ.