ಕಷ್ಟದ ಮೂಲಕ ಹೋದವರು ಯಾರು?

ಕಳೆದ ವರ್ಷ ಊರಿನಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಉತ್ತರಕ್ರಿಯೆ ಮುಗಿಸಿ ನಾವು ಮುಂಬಯಿಗೆ ಮರಳಿದ ಮೇಲೆ, ಕಾಲೇಜಿನಲ್ಲಿ ಓದುವ ನಮ್ಮ ಮಗಳು ಅಜ್ಜಿಗೆ ಫೋನು ಮಾಡಿದಳು. ಓದಿದ್ದೆಲ್ಲ ಇಂಗ್ಲೀಷು ಮಾಧ್ಯಮದಲ್ಲಿ. ಆದರೂ ಅಜ್ಜಿಯೊಡನೆ ಕನ್ನಡದಲ್ಲೇ ಮಾತಾಡಬೇಕೆಂಬ ಹಟದ ಹುಡುಗಿ. ಮನಸ್ಸು ತುಂಬಿ ಅವಳು ಹೇಳಿದಳು: “ಅಜ್ಜಿ, ನೀವು ಯಾವುದರ ಮೂಲಕ ಹೋಗುತ್ತಿದ್ದೀರಿ ಎಂದು ನನಗೆ ಅರ್ಥವಾಗುತ್ತದೆ.” ಆ ಕಡೆಯಿಂದ ಕ್ಷಣಕಾಲ ಸದ್ದಿಲ್ಲ. ಆಮೇಲೆ, “ನಾನೆಲ್ಲಿಗೂ ಹೋಗ್ತಾ ಇಲ್ಲ ಮಗಾ, ಮನೆಯಲ್ಲೇ ಇದ್ದೇನೆ” ಎಂಬ ಉತ್ತರ ಬಂತು.

ಮಗಳ ಮುಖ ಸಣ್ಣದಾಯಿತು. ನಮಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಂಕಟವೂ ಆಯಿತು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ವಾಕ್ಯದಲ್ಲಿ ವ್ಯಾಕರಣದ ತಪ್ಪಿರಲಿಲ್ಲ. ಒಂದೊಂದು ಶಬ್ದವೂ ಕನ್ನಡದ್ದೇ. ಆದರೂ ಆ ಮಾತು ಅಜ್ಜಿಯನ್ನು ಮುಟ್ಟಲಿಲ್ಲ. ಇದೇಕೆ ಹೀಗಾಯಿತೆಂದು ಸ್ವಲ್ಪ ಬಿಡಿಸಿ ನೋಡುವುದಕ್ಕಾಗಿ ಈ ಬರಹ. ನಾವು ವಿಜ್ಞಾನ ಓದಿ ಕಚೇರಿ ಸೇರಿದವರು, ಭಾಷಾಪಂಡಿತರಲ್ಲ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಇಂಗ್ಲೀಷಿನ ‘ಗೋ ಥ್ರೂ’ ಮೂಲತಃ ಚಲನೆಯ ಮಾತು. ಒಂದು ಬದಿಯಿಂದ ಹೊಕ್ಕು, ಒಳಗೆ ಸಾಗಿ, ಇನ್ನೊಂದು ಬದಿಯಿಂದ ಹೊರಬರುವುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಕರಾವಳಿಗೆ ಹೋಗಿಬರುವ ನಮ್ಮವರಿಗೆಲ್ಲ ಇದು ಕಣ್ಣಾರೆ ಕಂಡ ಸಂಗತಿ. ರತ್ನಾಗಿರಿಯ ಹತ್ತಿರದ ಕರ್ಬುಡೆ ಸುರಂಗ ಸುಮಾರು 6.5 ಕಿಲೋಮೀಟರು ಉದ್ದ. ಗಾಡಿ ಸುರಂಗ ಹೊಗುತ್ತದೆ, ಕತ್ತಲೆ ಕವಿಯುತ್ತದೆ, ಮಕ್ಕಳು ಕೂಗುತ್ತಾರೆ, ಮತ್ತೆ ಬೆಳಕು ಬರುತ್ತದೆ. ಇಲ್ಲಿ ‘ಹಾದುಹೋಯಿತು’ ಎಂದರೆ ಒಪ್ಪುತ್ತದೆ. ಗಾಜಿನ ಮೂಲಕ ಬೆಳಕು ಹಾಯುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯವೂ ಸರಿಯೇ. ಇದು ವಾಚ್ಯಾರ್ಥ.

ತೊಡಕು ಇರುವುದು ಲಕ್ಷ್ಯಾರ್ಥದಲ್ಲಿ. ಇಂಗ್ಲೀಷರು ಈ ಎರಡು ಪುಟ್ಟ ಪದಗಳಿಂದ ಎಷ್ಟೋ ಕೆಲಸ ತೆಗೆದಿದ್ದಾರೆ. ಕಚೇರಿಯಲ್ಲಿ ಸಾಹೇಬರು ಫೈಲನ್ನು ‘ಗೋ ಥ್ರೂ’ ಮಾಡುತ್ತಾರೆ. ಫೈಲಿನ ಒಳಹೊಕ್ಕು ಆಚೆ ಬದಿಯಿಂದ ಹೊರಬಂದ ಸಾಹೇಬರನ್ನು ಇಪ್ಪತ್ತು ವರ್ಷಗಳ ನೌಕರಿಯಲ್ಲಿ ನಾವಂತೂ ಕಂಡಿಲ್ಲ. ಅವರು ಫೈಲು ನೋಡುತ್ತಾರೆ, ಹೆಚ್ಚೆಂದರೆ ಓದುತ್ತಾರೆ. ಪೊಲೀಸರು ಕಳ್ಳನ ಜೇಬನ್ನು ‘ಗೋ ಥ್ರೂ’ ಮಾಡಿದರೆ ಕನ್ನಡದಲ್ಲಿ ಅದು ತಡಕುವುದು. ಮಗ ಅಪ್ಪನ ಆಸ್ತಿಯನ್ನು ‘ಗೋ ಥ್ರೂ’ ಮಾಡಿದರೆ ನಮ್ಮಲ್ಲಿ ಕರಗಿಸುತ್ತಾನೆ. ಅಲ್ಲಿ ವ್ಯಾಪಾರ ‘ಗೋ ಥ್ರೂ’ ಆದರೆ ಇಲ್ಲಿ ಕುದುರುತ್ತದೆ. ಅಲ್ಲಿ ಪುಸ್ತಕ ಐದು ಮುದ್ರಣಗಳನ್ನು ‘ಗೋ ಥ್ರೂ’ ಮಾಡಿದರೆ ಇಲ್ಲಿ ಐದು ಮುದ್ರಣ ಕಾಣುತ್ತದೆ. ಅವರಿಗೆ ಒಂದೇ ಕ್ರಿಯಾಪದ ಸಾಕು. ಕನ್ನಡ ಪ್ರತಿ ಸಲವೂ ನಡೆದ ಕೆಲಸವೇನೆಂದು ಕೇಳಿಕೊಂಡು ಬೇರೆ ಬೇರೆ ಪದವನ್ನು ಆರಿಸುತ್ತದೆ.

ಹಾಗೆಂದು ಇಂಗ್ಲೀಷನ್ನು ಹಂಗಿಸುವಂತಿಲ್ಲ. ನಮ್ಮ ‘ಹೋಗು’ ಕೂಡ ಕಡಿಮೆಯದಲ್ಲ. ಮೋಸಹೋದವನು, ಮಾರುಹೋದವನು, ಸೋತುಹೋದವನು ಎಲ್ಲಿಗೂ ಹೋಗಿರುವುದಿಲ್ಲ. ಮಳೆ ‘ನಿಂತುಹೋಯಿತು’ ಎನ್ನುತ್ತೇವೆ: ನಿಲ್ಲುವುದೂ ಹೋಗುವುದೂ ಒಟ್ಟಿಗೇ! ಇದನ್ನು ಪದಕ್ಕೆ ಪದವಿಟ್ಟು ಇಂಗ್ಲೀಷಿಗೆ ತಂದರೆ ಕೇಳಿದವರು ಬೆಚ್ಚಿಬಿದ್ದಾರು. ಅವರ ಮಾತನ್ನು ನಾವು ಹಾಗೆಯೇ ತಂದರೆ ನಮ್ಮ ಅಜ್ಜಿಯಂದಿರು ಬೆಚ್ಚಬಾರದೆ?

ಇನ್ನು ಕಷ್ಟದ ಮಾತಿಗೆ ಬರೋಣ. ‘ಗೋ ಥ್ರೂ’ ಎಂದಾಗ ಇಂಗ್ಲೀಷಿನಲ್ಲಿ ದುಃಖವೊಂದು ಸುರಂಗ; ನಡೆದುಬಿಟ್ಟರೆ ಹಿಂದೆ ಬೀಳುತ್ತದೆ. ಕನ್ನಡದಲ್ಲಿ ಹೆಚ್ಚಾಗಿ ಅದು ಬಾಯಿಗೆ ಬಂದದ್ದು. ನಾವು ನೋವು ಉಣ್ಣುತ್ತೇವೆ, ಪೆಟ್ಟು ತಿನ್ನುತ್ತೇವೆ, ಅವಮಾನ ನುಂಗುತ್ತೇವೆ. ಸುರಂಗವನ್ನು ಬಿಟ್ಟು ಬರಬಹುದು. ಉಂಡದ್ದು ಒಳಗೇ ಉಳಿದು ಮೈಗೆ ಹತ್ತುತ್ತದೆ. “ಎಷ್ಟು ಕಷ್ಟ ಉಂಡಿದ್ದಾಳೋ” ಎಂದು ಹೆಂಗಸರು ಒಬ್ಬಳನ್ನು ಕುರಿತು ಹೇಳುವಾಗ, ಆಕೆಯ ಕಷ್ಟ ಮುಗಿದರೂ ಆಕೆಯಲ್ಲಿ ಅದು ಇದೆ ಎಂಬ ತಿಳಿವು ಆ ಮಾತಿನಲ್ಲಿದೆ.

ಕಷ್ಟವನ್ನು ಸಾಗಿಹೋಗುವ ಕಲ್ಪನೆ ನಮ್ಮಲ್ಲಿಲ್ಲವೆ? ಧಾರಾಳವಾಗಿದೆ, ಆದರೆ ನಮ್ಮ ಕಲ್ಪನೆ ನೀರಿನದು. ಕಷ್ಟದಿಂದ ‘ಪಾರಾದ’ ಎನ್ನುತ್ತೇವೆ. ಪಾರವೆಂದರೆ ಆಚೆಯ ದಡ. ಪರೀಕ್ಷೆಯಲ್ಲಿ ‘ಉತ್ತೀರ್ಣ’ನಾದವನು ಶಬ್ದಾರ್ಥದಲ್ಲಿ ದಾಟಿದವನು. ‘ತೀರ್ಥ’ವೂ ಅದೇ ಧಾತುವಿನದು, ನೀರನ್ನು ದಾಟುವ ಜಾಗ. ನಡುನೀರಿನಲ್ಲಿ ಕೈಬಿಟ್ಟವರೂ ದಡ ಸೇರಿಸಿದವರೂ ನಮ್ಮೆಲ್ಲರ ಬದುಕಿನಲ್ಲಿದ್ದಾರೆ. ಸ್ವಾರಸ್ಯವೆಂದರೆ, ದಾಟು ಎಂಬರ್ಥದ ಆ ಸಂಸ್ಕೃತ ಧಾತುವಿಗೂ ಇಂಗ್ಲೀಷಿನ ‘ಥ್ರೂ’ ಶಬ್ದಕ್ಕೂ ಮೂಲ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಹೀಗಾಗಿ ‘ಕಷ್ಟ ದಾಟಿ ಬಂದರು’ ಎಂದು ಬರೆಯುವ ಅನುವಾದಕ ಕನ್ನಡಕ್ಕೂ ನ್ಯಾಯ ಸಲ್ಲಿಸುತ್ತಾನೆ, ಇಂಗ್ಲೀಷಿಗೂ ಸಲ್ಲಿಸುತ್ತಾನೆ. ‘ಕಷ್ಟದ ಮೂಲಕ ಹಾದುಹೋದರು’ ಎಂದು ಬರೆಯುವವನು ಎರಡೂ ಕಡೆ ಸಲ್ಲುವುದಿಲ್ಲ.

ಆದರೆ ಇಂದು ನಮ್ಮ ಮಕ್ಕಳ ಕಿವಿಗೆ ಬೀಳುತ್ತಿರುವುದು ಈ ಎರಡನೆಯ ಬಗೆಯ ಕನ್ನಡ. ಡಬ್ ಮಾಡಿದ ಧಾರಾವಾಹಿಗಳಲ್ಲಿ, ಜಾಹೀರಾತುಗಳಲ್ಲಿ, ಯಂತ್ರದಿಂದ ಅನುವಾದವಾದ ಸುದ್ದಿಗಳಲ್ಲಿ ಜನ ಸಂಕಷ್ಟದ ಸಮಯದ ಮೂಲಕ ಹೋಗುತ್ತಾರೆ, ಶಸ್ತ್ರಚಿಕಿತ್ಸೆಯ ಮೂಲಕವೂ ಹೋಗುತ್ತಾರೆ. ಇಂಗ್ಲೀಷು ಬಾರದವನಿಗೆ ಇದು ತಿಳಿಯದು. ಇಂಗ್ಲೀಷು ಬಲ್ಲವನಿಗೆ ಇದು ಬೇಕಾಗಿಲ್ಲ.

ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಗ್ರಹ ಬಂದದ್ದು 1926ರಲ್ಲಿ. ನದಿಗೆ ಬಿದ್ದು ಸತ್ತ ದಿಕ್ಕಿಲ್ಲದ ಹೆಣ್ಣೊಬ್ಬಳ ಮೇಲೆ ಥಾಮಸ್ ಹುಡ್ 1844ರಲ್ಲಿ ಬರೆದ ‘ದಿ ಬ್ರಿಜ್ ಆಫ್ ಸೈಸ್’ ಕವನ ಅದರಲ್ಲಿ ‘ದುಃಖಸೇತು’ ಆಗಿದೆ. ಪದಕ್ಕೆ ಪದವಿಟ್ಟಿದ್ದರೆ ‘ನಿಟ್ಟುಸಿರುಗಳ ಸೇತುವೆ’ ಆಗಬೇಕಿತ್ತು. ಶ್ರೀಯವರು ಉಸಿರನ್ನು ಬಿಟ್ಟು ಅದರ ಹಿಂದಿನ ದುಃಖವನ್ನು ಹಿಡಿದರು. ಕನ್ನಡದ ಕಿವಿ ಅದನ್ನು ತಡೆಯಿಲ್ಲದೆ ಒಪ್ಪಿತು.

ಹೊರಗಿನಿಂದ ಬಂದದ್ದೆಲ್ಲ ಬೇಡವೆಂಬ ಮಡಿ ನಮ್ಮದಲ್ಲ. ವಿಷಯದ ಮೇಲೆ ‘ಬೆಳಕು ಚೆಲ್ಲುವುದು’ ಇಂಗ್ಲೀಷಿನ ಅಚ್ಚಿನಿಂದ ಬಂದದ್ದೇ. ಇಂದು ಅದು ನಮ್ಮದಾಗಿದೆ. ನಾವು ಕೇಳುವುದು ಒಂದೇ ಪರೀಕ್ಷೆ: ಈ ಮಾತು ಊರಿನ ಅಜ್ಜಿಗೆ ತಿಳಿಯುತ್ತದೆಯೆ? ಹೊರನಾಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ನಾಟಕ ಆಡಿಸಿ, ಕನ್ನಡ ಉಳಿಯಿತೆಂದು ನಾವು ಸಮಾಧಾನಪಡುತ್ತೇವೆ. ಸಾವು, ಬೇನೆ, ಸಾಲ ಬಂದಾಗ ಆಡುವ ಮಾತು ಅಲ್ಲಿ ಸಿಗುವುದಿಲ್ಲ. ಅದನ್ನು ಹಿರಿಯರು ಆಡಬೇಕು, ಮಕ್ಕಳು ಹತ್ತಿರ ಕೂತು ಕೇಳಬೇಕು.

ಮುಂದಿನ ಭಾನುವಾರ ಮಗಳು ಮತ್ತೆ ಫೋನು ಹಿಡಿದು, “ಏನು ಹೇಳಲಿ?” ಎಂದು ನಮ್ಮ ಮುಖ ನೋಡಿದಳು. “ಊಟ ಸೇರ್ತದಾ ಅಂತ ಕೇಳು” ಎಂದೆವು. ಅವಳು ಕೇಳಿದಳು. “ಸೇರುವುದಿಲ್ಲ ಮಗಾ” ಎಂದು ತೊಡಗಿದ ಅಜ್ಜಿ ಅರ್ಧ ಗಂಟೆ ಮಾತಾಡಿದರು, ನಡುವೆ ಅತ್ತರು. ಮಗಳು ಹೆಚ್ಚೇನೂ ಹೇಳಲಿಲ್ಲ, ಹ್ಞೂಂಗುಟ್ಟುತ್ತ ಕೇಳಿದಳು.

ನಿಮ್ಮ ಮನೆಗಳಲ್ಲೂ ಇಂಥ ಪ್ರಸಂಗಗಳು ನಡೆದಿರಬೇಕು. ಬರೆದು ಕಳಿಸಿದರೆ ಪತ್ರಿಕೆಯಲ್ಲಿ ಚರ್ಚೆ ಮುಂದುವರಿದೀತು.