ಒಂದೇ ಮಾದರಿಯ ತೊರಕೆ

ಯುರೊಲೋಫಸ್ ಜಾವಾನಿಕಸ್ ಎಂಬ ತೊರಕೆ ಮೀನಿನ ಬಗ್ಗೆ ವಿಜ್ಞಾನದ ಬಳಿ ಇರುವುದು ಒಂದೇ ಮಾದರಿ. 1862ರಲ್ಲಿ ಜಕಾರ್ತದ ಮೀನು ಮಾರುಕಟ್ಟೆಯಲ್ಲಿ ದೊರೆತ, 33 ಸೆಂ.ಮೀ. ಉದ್ದದ ಹೆಣ್ಣು. 2023ರ ಡಿಸೆಂಬರಿನಲ್ಲಿ ಐಯುಸಿಎನ್ ಕೆಂಪುಪಟ್ಟಿ ಅದನ್ನು ನಿರ್ವಂಶವೆಂದು ಘೋಷಿಸಿತು. ಮಾನವನಿಂದಾಗಿ ಅಳಿದುದೆಂದು ದಾಖಲಾದ ಮೊದಲ ಕಡಲ ಮೀನಂತೆ!

ಒಂದೇ ಬಿಂದುವಿನಿಂದ ರೇಖೆ ಎಳೆಯಲಾದೀತೆ ಎಂದು ಭೌತವಿಜ್ಞಾನದ ವಿದ್ಯಾರ್ಥಿ ಕೇಳಿಯಾನು. ಕೇಳಬೇಕಾದದ್ದೇ. ಆದರೆ ಸರಿಯಾಗಿ ಹುಡುಕಿದ್ದರೆ 'ಕಾಣಲಿಲ್ಲ' ಎಂಬುದೂ ಒಂದು ಅಳತೆಯೇ. 2001ರಿಂದೀಚೆಗೆ ಅಲ್ಲಿನ ಮೀನು ಇಳಿಸುವ ತಾಣಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಅದು ಸಿಗಲಿಲ್ಲ. ಹಾಗಾಗಿ ತೀರ್ಮಾನಕ್ಕೆ ನನ್ನ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಇಸವಿಯನ್ನು ಓದುವ ರೀತಿಗೆ. 2023 ಘೋಷಣೆಯ ವರ್ಷ, ಅಳಿವಿನದಲ್ಲ. ಮಾದರಿಗೂ ಆ ಸಮೀಕ್ಷೆಗಳಿಗೂ ನಡುವೆ 139 ವರ್ಷಗಳ ಅಂತರವಿದೆ. ಕೊನೆಯ ತೊರಕೆ ಅದರೊಳಗೆ ಎಲ್ಲೋ ಬಲೆಗೆ ಬಿದ್ದಿರಬಹುದು. ಅದು ಎಷ್ಟು ಮರಿ ಹಾಕುತ್ತಿತ್ತು ಎಂಬುದನ್ನೂ ಯಾರೂ ಬರೆದಿಡಲಿಲ್ಲ.