ಖರೆಶಾಸ್ತ್ರಿಗಳ ಸಂಪುಟಗಳು ಮತ್ತು ಸಣ್ಣ ಸಂಸ್ಥಾನದ ರಾಜಕಾರಣ

ಬಲಾಢ್ಯ ನೆರೆರಾಜ್ಯದ ಮಗ್ಗುಲಲ್ಲಿ ಸಣ್ಣ ರಾಜ್ಯವು ಹೇಗೆ ಬಾಳಿತು ಎಂಬ ಪ್ರಶ್ನೆಗೆ ನಮ್ಮ ಐತಿಹಾಸಿಕ ನಾಟಕಗಳು ಕೊಡುವ ಉತ್ತರಗಳು ಎರಡೇ: ಕಾದಿ ಮಡಿದವನು ವೀರ, ಬಾಗಿ ಉಳಿದವನು ದ್ರೋಹಿ. ರಂಗಭೂಮಿಗೆ ಇದು ಸಾಕು, ಇತಿಹಾಸಕ್ಕೆ ಸಾಲದು. ಕಿತ್ತೂರಿನ ಮೇಲೆ ನಾನು ಕಂಡ ನಾಟಕಗಳೆಲ್ಲ 1824ರ ಕಾಳಗವನ್ನು ಮೆರೆಸುತ್ತವೆ. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಗೆಲ್ಲಲು ಅದೇ ಕಿತ್ತೂರು ಮನ್ರೋ ಸಾಹೇಬನಿಗೆ ನೆರವಾಗಿ ಸನದು ಪಡೆದ ಸಂಗತಿಯನ್ನು ಮಾತ್ರ ಆಡುವುದಿಲ್ಲ. ಆಡಿದ್ದರೆ ಚೆನ್ನಮ್ಮನ ಶೌರ್ಯ ಕುಂದುತ್ತಿರಲಿಲ್ಲ.

ಈ ಕೊರತೆಗೆ ಮದ್ದು ನಮ್ಮೂರಿನಲ್ಲಿಯೇ ಇದೆ. ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವಶಾಸ್ತ್ರಿ ಖರೆಯವರು (1858–1924) ಪಟವರ್ಧನ ಮನೆತನದ ದಫ್ತರಗಳನ್ನು ಶೋಧಿಸಿ, 1897ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ವೆಂಬ ಮರಾಠಿ ಸಂಪುಟಗಳನ್ನು ಪ್ರಕಟಿಸತೊಡಗಿದರು. ಅವುಗಳ ದೊಡ್ಡ ಗುಣವೆಂದರೆ, ಪತ್ರ ಬರೆದವನಿಗೆ ನಾಳೆ ಗೆಲ್ಲುವವರಾರೆಂಬುದು ತಿಳಿದಿಲ್ಲ. ಪುಣೆಯ ಸುದ್ದಿ, ಹೈದರನ ಸುದ್ದಿ, ದಂಡಿನ ಖರ್ಚು, ಅಂಜಿಕೆ, ಅನುಮಾನ ಎಲ್ಲವೂ ಅಲ್ಲಿ ಹಸಿಯಾಗಿವೆ. ನಾಟಕಕಾರನು ಅಳಿಸಿಹಾಕುವ ಹಿಂಜರಿಕೆಯೇ ಈ ಪತ್ರಗಳ ಜೀವಾಳ.

ಸಂಪುಟಗಳು ಮುಖ್ಯವಾಗಿ ಹದಿನೆಂಟನೆಯ ಶತಮಾನದ ಉತ್ತರಾರ್ಧದವು. ಅವು ಕಲಿಸಿದ ಕಣ್ಣಿನಿಂದಲೇ ಮುಂದಿನ ಕಥೆಯನ್ನೂ ನೋಡಬೇಕು. 1801ರಲ್ಲಿ ಚಿಂತಾಮಣರಾವ ಅಪ್ಪಾಸಾಹೇಬರು ಚಿಕ್ಕಪ್ಪನೊಡನೆ ಮುನಿದು ಮಿರಜವನ್ನು ಬಿಟ್ಟು ಸಾಂಗಲಿಯನ್ನು ರಾಜಧಾನಿ ಮಾಡಿಕೊಂಡರು. ಒಡೆಯನಾದ ಎರಡನೆಯ ಬಾಜೀರಾಯನಿಗೆ ಪಟವರ್ಧನರ ಜಹಗೀರಿನ ಮೇಲೆಯೇ ಕಣ್ಣು. 1812ರಲ್ಲಿ ಎಲ್ಫಿನ್‌ಸ್ಟನ್ನನ ಮಧ್ಯಸ್ಥಿಕೆಯಿಂದ ಪಂಢರಪುರದ ಒಪ್ಪಂದವಾಯಿತು: ಜಹಗೀರದಾರರು ಪೇಶವೆಯ ಸೇವೆ ಮಾಡತಕ್ಕದ್ದು, ಪೇಶವೆಯು ಹಳೆಯ ಲೆಕ್ಕ ಕೆದಕತಕ್ಕದ್ದಲ್ಲ, ಇದಕ್ಕೆ ಕಂಪನಿಯ ಹೊಣೆ. ಒಬ್ಬ ಬಲಾಢ್ಯನಿಂದ ಉಳಿಯಲು ಮತ್ತೊಬ್ಬ ಬಲಾಢ್ಯನನ್ನು ಜಾಮೀನು ಹಿಡಿದಂತಾಯಿತು. 1818ರ ಫೆಬ್ರುವರಿಯಲ್ಲಿ ಎಲ್ಫಿನ್‌ಸ್ಟನ್ನನು ಪೇಶವೆಯನ್ನು ಬಿಟ್ಟುಬರಲು ಎರಡು ತಿಂಗಳ ಗಡುವಿನ ಜಾಹೀರನಾಮೆ ಹೊರಡಿಸಿದಾಗ ಆ ಜಾಮೀನುದಾರನೇ ಒಡೆಯನಾಗಿದ್ದನು. 1819ರಲ್ಲಿ ಸಾಂಗಲಿಯು ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಕುದುರೆದಂಡಿನ ಚಾಕರಿಗೆ ಬದಲಾಗಿ ನೆಲವನ್ನು ಬಿಟ್ಟುಕೊಟ್ಟಿತು. ಹಾಗೆ 1820ರಲ್ಲಿ ಕಂಪನಿಗೆ ಸೇರಿದ ಊರುಗಳಲ್ಲಿ ಹಳೇ ಹುಬ್ಬಳ್ಳಿಯೂ ಒಂದು. ಚಾಕರಿಗಿಂತ ನೆಲ ಬಿಡುವುದು ಮೇಲೆಂದು ಬಗೆದುದರಲ್ಲಿ ಅಭಿಮಾನವೂ ಇತ್ತು, ಲೆಕ್ಕಾಚಾರವೂ ಇತ್ತೆಂದು ನನಗೆ ತೋರುತ್ತದೆ. ಮುಂದೆ 1844ರ ಕೊಲ್ಹಾಪುರದ ಬಂಡಾಯದಲ್ಲಿ ನೆರವಾದುದಕ್ಕೆ ಕಂಪನಿಯು ಅವರಿಗೆ ಖಡ್ಗವನ್ನಿತ್ತು ಗೌರವಿಸಿತು. ಪಕ್ಕದ ಸಂಸ್ಥಾನದ ಬಂಡಾಯ ಅಡಗಿದುದಕ್ಕೆ ದೊರೆತ ಖಡ್ಗವದು!

ಬಾಗಿದವರೆಲ್ಲ ಉಳಿದರೆಂದಲ್ಲ. ಸವಣೂರಿನ ನವಾಬನು ಹೈದರನ ಮನೆತನದೊಡನೆ ಹೆಣ್ಣು ಕೊಟ್ಟು ತಂದ ಬೀಗನಾದರೂ 1786ರಲ್ಲಿ ಟಿಪ್ಪುವಿಗೆ ಊರನ್ನು ಕಳೆದುಕೊಂಡನು. ಪಟವರ್ಧನರದೇ ಶಾಖೆಯಾದ ತಾಸಗಾಂವವು ವಾರಸುದಾರನಿಲ್ಲದೆ 1848ರಲ್ಲಿ ಕಂಪನಿಯ ಪಾಲಾಯಿತು. ಹೊರದೇಶದ ನಿದರ್ಶನ ಬೇಕಾದವರು ಫಿನ್‌ಲೆಂಡನ್ನು ನೋಡಬಹುದು. 1948ರಲ್ಲಿ ಸೋವಿಯತ್ ರಷ್ಯದೊಡನೆ ಮೈತ್ರಿ ಕರಾರು ಮಾಡಿಕೊಂಡ ಆ ದೇಶವು ತನ್ನ ಸಂಸತ್ತನ್ನೂ ಚುನಾವಣೆಯನ್ನೂ ಉಳಿಸಿಕೊಂಡಿತು. ಆದರೆ ರಷ್ಯದ ವಿಷಯದಲ್ಲಿ ಅದರ ಪತ್ರಿಕೆಗಳು ತಮ್ಮ ಲೇಖನಿಯನ್ನು ತಾವೇ ಬಿಗಿಹಿಡಿದವು.

ಖರೆಯವರ ಸಂಗ್ರಹಕ್ಕೂ ಮಿತಿಯಿದೆ. ದಫ್ತರವು ಒಡೆಯರದು, ಆದುದರಿಂದ ಅದರ ಕಣ್ಣೂ ಒಡೆಯರದೇ. 1791ರಲ್ಲಿ ಪರಶುರಾಮಭಾವೂನ ದಂಡಿನವರು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ ಆದ ನೋವನ್ನು ತಿಳಿಯಲು ಮಠದ ಕಡತಗಳನ್ನೂ ಓದಬೇಕು. ಅಲ್ಲಿ 1916ರಲ್ಲಿ ದೊರೆತ ಟಿಪ್ಪುವಿನ ಪತ್ರಗಳು ಪ್ರಸಿದ್ಧವಾಗಿವೆ. ಹಾಗೆಯೇ, ಸಾಂಗಲಿಯ ಮಾನ ಉಳಿಯಲು ಹುಬ್ಬಳ್ಳಿಯು ಕೈಬದಲಾಯಿತಲ್ಲ, ಅಲ್ಲಿನ ರೈತನನ್ನೂ ನೇಕಾರನನ್ನೂ ಕೇಳಿದವರಾರು? ರಾಜಕಾರಣದ ಜಾಣ್ಮೆಯನ್ನು ಮೆಚ್ಚುವಾಗ ಅದರ ಬೆಲೆ ತೆತ್ತವರನ್ನೂ ವಿಮರ್ಶಕನು ಎಣಿಸಬೇಕು. ತೆತ್ತವರು ಹೆಚ್ಚಾಗಿ ಕನ್ನಡ ಸೀಮೆಯವರೇ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮಗೆ ಈ ಎರಡೂ ಬಗೆಯ ಕಾಗದಗಳನ್ನು ಜೊತೆಗಿಟ್ಟು ಓದುವ ಅನುಕೂಲವಿದೆ. ಸಂಘದ ತಿಂಗಳ ಕೂಟದಲ್ಲಿ 1790–91ರ ಧಾರವಾಡ ಮುತ್ತಿಗೆಯಿಂದ ಈ ಓದನ್ನು ಆರಂಭಿಸಬಹುದು. ಮೋಡಿ ಲಿಪಿಯ ತೊಡಕಿಲ್ಲ. ಖರೆಯವರು ಎಲ್ಲವನ್ನೂ ಅಚ್ಚಿನ ನಾಗರಿಯಲ್ಲಿ ಕೊಟ್ಟಿದ್ದಾರೆ.